ಗ್ಯಾಸ್ ತುಂಬುವ ಮೊದಲು ಲೀಕ್ ಹಿಡಿಯಿರಿ: ಲೀಕ್ ಡಿಟೆಕ್ಟರ್ ಬಳಸುವ, ಜೋಪಾನ ಮಾಡುವ ಬಗೆ

ಏಪ್ರಿಲ್ ಹತ್ತಿರ ಬಂತೆಂದರೆ ಕೋಲಾರ ಜಿಲ್ಲೆಯಲ್ಲಿ ನಮ್ಮಂಥ ಕೂಲಿಂಗ್ ಮೆಕ್ಯಾನಿಕ್‌ಗಳ ಫೋನಿಗೆ ಪುರಸೊತ್ತಿರುವುದಿಲ್ಲ. ಬೆಳಿಗ್ಗೆ ಆರಕ್ಕೂ ಮುಂಚೆಯೇ ಹಳ್ಳಿ ಡೇರಿಯಿಂದ ಕರೆ ಬರುತ್ತದೆ: "ಅಣ್ಣಾ, ಬಿಎಂಸಿ ಕೂಲಿಂಗ್ ಹಿಡೀತಿಲ್ಲ. ರಾತ್ರಿಯೆಲ್ಲ ಓಡೈತೆ, ಹಾಲು ಇನ್ನೂ ಹನ್ನೆರಡು ಡಿಗ್ರೀಲೇ ಐತೆ." ಬಿಎಂಸಿ ಎಂದರೆ ಬಲ್ಕ್ ಮಿಲ್ಕ್ ಕೂಲರ್, ಡೇರಿಯಲ್ಲಿ ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕ್. ಕರೆದ ಹಾಲು ಸುಮಾರು 35 ಡಿಗ್ರಿಯಲ್ಲಿ ಟ್ಯಾಂಕಿಗೆ ಬೀಳುತ್ತದೆ, ಕೆಲವೇ ಗಂಟೆಯಲ್ಲಿ 4 ಡಿಗ್ರಿಗೆ ಇಳಿಯಬೇಕು. ಇಳಿಯದಿದ್ದರೆ ಹಾಲು ಹುಳಿಯುತ್ತದೆ. ಆ ಹಾಲು ಎರಡು ಹಸು ಕಟ್ಟಿಕೊಂಡ ಮನೆಯವರ ವಾರದ ಬಟವಾಡೆ. ಹಾಗಾಗಿ ಎಲ್ಲರಿಗೂ ಅವಸರ. ಮೆಕ್ಯಾನಿಕ್ ಬರುತ್ತಾನೆ, ಗೇಜ್ ಹಾಕುತ್ತಾನೆ, ಗ್ಯಾಸ್ ಕಡಿಮೆ ಅನ್ನುತ್ತಾನೆ, ತುಂಬುತ್ತಾನೆ, ಹೋಗುತ್ತಾನೆ. ಇದ್ದ ಗ್ಯಾಸ್ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ.

ನಾನೂ ಹಾಗೇ ಮಾಡಿದವನು. ಮುಳಬಾಗಿಲು ಕಡೆಯ ಒಂದು ಡೇರಿಯಲ್ಲಿ ಒಂದೇ ಬೇಸಿಗೆಯಲ್ಲಿ ಮೂರು ಸಲ ಗ್ಯಾಸ್ ತುಂಬಿದ್ದೆ. ನಾಲ್ಕನೇ ಸಲ ಕರೆದಾಗ ಕಾರ್ಯದರ್ಶಿ ಬೈಯಲಿಲ್ಲ. "ಅದೇನು ಪೆಟ್ರೋಲೇನಣ್ಣಾ, ಓಡಿದಷ್ಟೂ ಖರ್ಚಾಗೋಕೆ?" ಎಂದಷ್ಟೇ ಕೇಳಿದರು. ಅವರ ಮಾತು ಸರಿಯಾಗಿತ್ತು. ಫ್ರಿಜ್ಜು, ಏಸಿ, ಬಿಎಂಸಿ ಯಾವುದೇ ಇರಲಿ, ಒಳಗಿನ ಗ್ಯಾಸ್ ಸುತ್ತುತ್ತಲೇ ಇರುತ್ತದೆ, ಸವೆಯುವುದಿಲ್ಲ. ಕಡಿಮೆಯಾಗಿದೆ ಎಂದರೆ ಎಲ್ಲೋ ತೂತಿದೆ, ಇಲ್ಲವೇ ಹಿಂದೆ ತುಂಬಿದವನೇ ಕಡಿಮೆ ತುಂಬಿದ್ದಾನೆ. ಅವತ್ತು ಗೆಳೆಯನೊಬ್ಬನಿಂದ, ಸೋರಿದ ಗ್ಯಾಸ್ ಮೂಸಿ ಬೀಪ್ ಎಂದು ಕೂಗುವ ಲೀಕ್ ಡಿಟೆಕ್ಟರ್ ಕಡ ತಂದು ಎರಡು ಗಂಟೆ ಹುಡುಕಿದೆ. ಪ್ರೆಷರ್ ಸ್ವಿಚ್ಚಿಗೆ ಹೋಗುವ ಸಣ್ಣ ತಾಮ್ರದ ನಳಿಗೆ ಕಂಡೆನ್ಸರ್ ಫ್ರೇಮಿನ ಅಂಚಿಗೆ ತಾಗಿಕೊಂಡಿತ್ತು. ಕಂಪ್ರೆಸರ್ ನಡುಕಕ್ಕೆ ಉಜ್ಜಿ ಉಜ್ಜಿ ಎಳ್ಳುಕಾಳಿನಷ್ಟು ಜಾಗ ಹೊಳೆಯುತ್ತಿತ್ತು. ಸುತ್ತ ಎಣ್ಣೆ ಹಿಡಿದ ಕಪ್ಪು ಧೂಳು. ಮೂರು ಸಲದ ಗ್ಯಾಸ್ ಅಷ್ಟೂ ಆ ಎಳ್ಳುಕಾಳಿನಿಂದ ಗಾಳಿಗೆ ಹೋಗಿತ್ತು.

ಗಾಳಿಗೆ ಹೋದರೆ ಹೋಯಿತು ಎನ್ನುವಂತಿಲ್ಲ. ಈ ಮಿಷನ್ನುಗಳ ಗ್ಯಾಸುಗಳಿಗೆ 'ಆರ್' ಮತ್ತು ಒಂದು ಸಂಖ್ಯೆಯ ಹೆಸರಿರುತ್ತದೆ. ಅವುಗಳಲ್ಲಿ ಆರ್-22 ಓಜೋನ್ ಪದರವನ್ನು ತಿನ್ನುವ ಗ್ಯಾಸ್. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದನ್ನು ಹಂತ ಹಂತವಾಗಿ ನಿಲ್ಲಿಸುತ್ತಿದ್ದಾರೆ. ಆರ್-404ಎ ಓಜೋನಿಗೆ ಏನೂ ಮಾಡದು, ಆದರೆ ಅದು ಒಂದು ಕಿಲೋ ಸೋರಿದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು 3,900 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ. ಮಳೆಯನ್ನೇ ನಂಬಿ, ಸಾವಿರ ಅಡಿ ಬೋರು ಕೊರೆಸುವ ನಮ್ಮ ಜಿಲ್ಲೆಯವರು ಇದನ್ನು ಸಣ್ಣ ವಿಷಯ ಅನ್ನಬಾರದು.

ನಿಮ್ಮ ಕೈಯಲ್ಲಿರುವುದು ಯಾವ ಜಾತಿ?

ಡಿಟೆಕ್ಟರ್ ಎಂದರೆ ಎಲ್ಲವೂ ಒಂದೇ ಅಲ್ಲ. ಹೊರಗಿನಿಂದ ಎಲ್ಲವೂ ಬಗ್ಗುವ ಕೊಳವೆ, ತುದಿಯಲ್ಲಿ ಮೂತಿ, ಬೀಪ್ ಸದ್ದು. ಒಳಗೆ ಬೇರೆ ಬೇರೆ.

ಅಗ್ಗದ್ದು ಕರೋನಾ ಮಾದರಿ. ಮೂತಿಯೊಳಗಿನ ಸೂಜಿಯಂಥ ತುದಿಯಲ್ಲಿ ಹೈ ವೋಲ್ಟೇಜ್ ಇರುತ್ತದೆ. ಗ್ಯಾಸ್ ಬಂದಾಗ ಅಲ್ಲಿ ಹರಿಯುವ ಕರೆಂಟ್ ಬದಲಾಗುತ್ತದೆ, ಅದನ್ನೇ ಸದ್ದಾಗಿ ಹೇಳುತ್ತದೆ. ಕ್ಲೋರಿನ್ ಇರುವ ಆರ್-22ನ್ನು ಚೆನ್ನಾಗಿ ಹಿಡಿಯುತ್ತದೆ, ಆರ್-134ಎ, ಆರ್-410ಎ ಬಂದಾಗ ಅಷ್ಟು ಚುರುಕಿಲ್ಲ. ಧೂಳು, ತೇವಕ್ಕೂ ಕೂಗುತ್ತದೆ.

ಎರಡನೆಯದು ಹೀಟೆಡ್ ಡಯೋಡ್. ಬಿಸಿ ಸೆರಾಮಿಕ್ ತುಣುಕಿನ ಮೇಲೆ ಗ್ಯಾಸ್ ಹಾದಾಗ ಅದರಲ್ಲಿನ ಕ್ಲೋರಿನ್, ಫ್ಲೋರಿನ್ ಬಿಡಿಬಿಡಿಯಾಗಿ ಕರೆಂಟ್ ಹರಿಯುತ್ತದೆ. ತುಂಬಾ ಸೂಕ್ಷ್ಮ. ಆದರೆ ಸೆನ್ಸರ್ ಸವೆಯುತ್ತದೆ. ದಿನವೂ ಕೆಲಸ ಮಾಡುವವರು ವರ್ಷಕ್ಕೊಂದು ಸೆನ್ಸರಿನ ಖರ್ಚು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳಬೇಕು.

ಮೂರನೆಯದು ಇನ್‌ಫ್ರಾರೆಡ್. ಗ್ಯಾಸ್ ಇನ್‌ಫ್ರಾರೆಡ್ ಬೆಳಕನ್ನು ಹೀರುವುದನ್ನು ಅಳೆಯುತ್ತದೆ. ದುಬಾರಿ, ಆದರೆ ಸೆನ್ಸರ್ ಸುಮಾರು ಹತ್ತು ವರ್ಷ ಬರುತ್ತದೆ. ಇದರ ಒಂದು ಗುಣ ಗೊತ್ತಿರಲಿ: ಇವುಗಳಲ್ಲಿ ಬಹುಪಾಲು ಗ್ಯಾಸಿನ ಏರಿಳಿತಕ್ಕೆ ಮಾತ್ರ ಕೂಗುತ್ತವೆ. ಲೀಕಿನ ಮೇಲೆಯೇ ಮೂತಿ ಅಲ್ಲಾಡಿಸದೆ ಹಿಡಿದು ನಿಂತರೆ ಸ್ವಲ್ಪ ಹೊತ್ತಿಗೆ ಸುಮ್ಮನಾಗಿಬಿಡುತ್ತದೆ. ಹೊಸದಾಗಿ ಕೊಂಡ ಎಷ್ಟೋ ಹುಡುಗರು ಮಿಷನ್ ಕೆಟ್ಟಿದೆ ಎಂದು ವಾಪಸ್ ಕೊಡಲು ಹೋಗಿದ್ದಾರೆ. ಕೆಟ್ಟಿರುವುದಿಲ್ಲ, ಕೈ ಆಡುತ್ತಿರಬೇಕು ಅಷ್ಟೇ.

ಕೊಳ್ಳುವಾಗ ಡಬ್ಬಿಯ ಮೇಲಿನ ಗ್ಯಾಸುಗಳ ಪಟ್ಟಿ ಓದಿ, ಎಸ್‌ಎಇ ಜೆ2791 ಅಥವಾ ಇಎನ್ 14624 ಗುಣಮಟ್ಟದ ಹೆಸರಿದೆಯೇ ನೋಡಿ. ವರ್ಷಕ್ಕೆ ಮೂರ್ನಾಲ್ಕು ಗ್ರಾಂ ಸೋರುವ ಲೀಕನ್ನು ಹಿಡಿಯುವಂಥದ್ದು ನಮ್ಮ ಕೆಲಸಕ್ಕೆ ಧಾರಾಳ.

ಈಗಿನ ಮನೆ ಫ್ರಿಜ್ಜುಗಳಲ್ಲಿ ಬಹುಪಾಲು ಇರುವುದು ಆರ್-600ಎ, ಅಂದರೆ ಐಸೊಬ್ಯೂಟೇನ್. ಕೆಲವು ಏಸಿ, ಐಸ್‌ಕ್ರೀಮ್ ಫ್ರೀಜರ್‌ಗಳಲ್ಲಿ ಆರ್-290, ಅಂದರೆ ಪ್ರೊಪೇನ್. ಅಡುಗೆ ಸಿಲಿಂಡರಿನಲ್ಲಿ ಇರುವ ಜಾತಿಯವೇ ಇವು. ಇವುಗಳಲ್ಲಿ ಕ್ಲೋರಿನ್ನೂ ಇಲ್ಲ, ಫ್ಲೋರಿನ್ನೂ ಇಲ್ಲ, ಹಾಗಾಗಿ ಹೀಟೆಡ್ ಡಯೋಡ್ ಇವನ್ನು ಗುರುತಿಸುವುದಿಲ್ಲ. ಗಾಳಿಯಲ್ಲಿ ನೂರಕ್ಕೆ ಎರಡರಷ್ಟು ಸೇರಿದರೆ ಸಾಕು, ಕಿಡಿ ಸಿಕ್ಕಿದೊಡನೆ ಹತ್ತಿಕೊಳ್ಳುತ್ತವೆ. ಕರೋನಾ ಮಾದರಿಯನ್ನು ಇವುಗಳ ಹತ್ತಿರ ತರಲೇಬೇಡಿ. ಉರಿಯುವ ಗ್ಯಾಸಿಗೆಂದೇ ಮಾಡಿದ ಡಿಟೆಕ್ಟರ್ ಬೇರೆ ಬರುತ್ತದೆ, ಅದನ್ನೇ ಬಳಸಿ. ಹೊಸ ಏಸಿಗಳ ಆರ್-32 ಕೂಡ ಸ್ವಲ್ಪ ಮಟ್ಟಿಗೆ ಉರಿಯುವ ಗ್ಯಾಸೇ. ಹಳಬರು ಬಳಸುತ್ತಿದ್ದ, ಜ್ವಾಲೆ ಹಸಿರಾಗುವ ಹ್ಯಾಲೈಡ್ ಟಾರ್ಚ್ ಈ ಗ್ಯಾಸುಗಳ ಕಾಲಕ್ಕೆ ಮುಗಿದ ಕಥೆ. ಒಳಗೆ ಯಾವ ಗ್ಯಾಸ್ ಎಂದು ಬರೆದಿರುವ ಮಿಷನ್ನಿನ ಪ್ಲೇಟ್ ಓದದೆ ಡಿಟೆಕ್ಟರ್ ಆನ್ ಮಾಡಬೇಡಿ.

ಆನ್ ಮಾಡುವ ಮುಂಚೆ

ಮೊದಲ ಕೆಲಸ, ಒಳಗೆ ಒತ್ತಡ ಇದೆಯೇ ನೋಡುವುದು. ಪೂರ್ತಿ ಖಾಲಿಯಾದ ಮಿಷನ್ ಸುತ್ತ ಮೂತಿ ಆಡಿಸಿ ಏನೂ ಪ್ರಯೋಜನವಿಲ್ಲ. ಕನಿಷ್ಠ 50 ಪಿಎಸ್‌ಐ ಆದರೂ ಇರಬೇಕು. ಮಿಷನ್ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಬಿಟ್ಟರೆ ಲೋ ಸೈಡ್, ಅಂದರೆ ತಂಪಾಗುವ ಕಡೆಯ ಒತ್ತಡವೂ ಏರುತ್ತದೆ, ಎವಾಪರೇಟರ್ (ತಂಪು ಕೊಡುವ ಕಾಯಿಲ್) ಕಡೆಯ ಲೀಕುಗಳು ಆಗ ಸಿಗುತ್ತವೆ.

ಆರ್-600ಎ ಫ್ರಿಜ್ಜಿನಲ್ಲಿ ಇದು ಇನ್ನೂ ಮುಖ್ಯ. ಕಂಪ್ರೆಸರ್ ಓಡುತ್ತಿರುವಾಗ ಅದರ ಲೋ ಸೈಡ್ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡದಲ್ಲಿರುತ್ತದೆ. ತೂತಿದ್ದರೂ ಗ್ಯಾಸ್ ಹೊರಗೆ ಬರುವುದಿಲ್ಲ, ಹೊರಗಿನ ಗಾಳಿಯೇ ತೇವದ ಸಮೇತ ಒಳಗೆ ಹೋಗುತ್ತದೆ. ಓಡುತ್ತಿರುವ ಫ್ರಿಜ್ಜಿನ ಫ್ರೀಜರ್ ಹತ್ತಿರ ಎಷ್ಟು ಹುಡುಕಿದರೂ ಡಿಟೆಕ್ಟರ್ ಬಾಯಿ ಬಿಡುವುದಿಲ್ಲ. ಆಫ್ ಮಾಡಿ, ಕಾಯಿಲ್ ಹೊರಗಿನ ಬಿಸಿಗೆ ಬರುವವರೆಗೆ ಕಾದು ನೋಡಿ. ಹೈ ಸೈಡನ್ನು ಮಾತ್ರ ಓಡುವಾಗ ನೋಡುವುದೇ ಒಳ್ಳೆಯದು. ಹಾಗೆ ನೋಡುವಾಗ ಫ್ಯಾನ್ ರೆಕ್ಕೆ, ಕರೆಂಟ್ ತಂತಿಗಳ ಮೇಲೆ ಕಣ್ಣಿರಲಿ.

ಎರಡನೆಯದು, ರೂಮಿನ ಗಾಳಿ. ರಾತ್ರಿಯೆಲ್ಲ ಗ್ಯಾಸ್ ಸೋರಿ ತುಂಬಿದ ರೂಮಿನಲ್ಲಿ ಡಿಟೆಕ್ಟರ್ ಎಲ್ಲಿ ಹಿಡಿದರೂ ಕೂಗುತ್ತದೆ. ಬಾಗಿಲು ಕಿಟಕಿ ತೆಗೆದು ಗಾಳಿ ಆಡಿಸಿ. ಉರಿಯುವ ಗ್ಯಾಸಾದರೆ ಆ ರೂಮಿನ ಸ್ವಿಚ್ ಕೂಡ ಮುಟ್ಟಬೇಡಿ, ಹೊರಗಿನ ಮೇನ್ ತೆಗೆಸಿ. ಗಾಳಿ ಚೊಕ್ಕಟವಾದ ಮೇಲೆ ಫ್ಯಾನ್ ನಿಲ್ಲಿಸಿ, ಬಾಗಿಲು ಒರಗಿಸಿ, ಐದು ನಿಮಿಷ ಸುಮ್ಮನಿರಿ. ಗಾಳಿ ಬೀಸುತ್ತಿದ್ದರೆ ಸಣ್ಣ ಲೀಕಿನ ಗ್ಯಾಸ್ ಮೂತಿಗೆ ಸಿಗುವ ಮೊದಲೇ ಹಾರಿಹೋಗುತ್ತದೆ. ಹೊರಗಿನ ಔಟ್‌ಡೋರ್ ಯೂನಿಟ್ ಆದರೆ ಗೋಣಿಚೀಲವನ್ನೋ ರಟ್ಟನ್ನೋ ಗಾಳಿಗೆ ಅಡ್ಡ ಹಿಡಿಸಿ. ಆಷಾಢದ ಗಾಳಿಯಲ್ಲಿ ಟೆರೇಸಿನ ಮೇಲೆ ಒಬ್ಬರೇ ಹುಡುಕುವುದು ವ್ಯರ್ಥ ಶ್ರಮ.

ಮೂರನೆಯದು, ಡಿಟೆಕ್ಟರನ್ನು ಹೊರಗಿನ ಶುದ್ಧ ಗಾಳಿಯಲ್ಲೇ ಆನ್ ಮಾಡಿ. ಸೆನ್ಸರ್ ಬಿಸಿಯಾಗಲು ಅರ್ಧ ನಿಮಿಷದಿಂದ ಒಂದೂವರೆ ನಿಮಿಷ ಬೇಕು. ಆ ಹೊತ್ತಿನಲ್ಲಿ ಸುತ್ತ ಇರುವ ಗಾಳಿಯನ್ನೇ ಅದು ಸೊನ್ನೆ ಎಂದು ಹಿಡಿದುಕೊಳ್ಳುತ್ತದೆ. ಗ್ಯಾಸ್ ತುಂಬಿದ ರೂಮಿನೊಳಗೆ ಆನ್ ಮಾಡಿದರೆ ಆ ಗ್ಯಾಸೇ ಸೊನ್ನೆ, ಆಮೇಲೆ ಲೀಕಿನ ಹತ್ತಿರ ಹೋದರೂ ಸುಳಿವು ಸಿಗುವುದಿಲ್ಲ.

ಆನ್ ಆದ ಮೇಲೆ ರೆಫರೆನ್ಸ್ ಲೀಕ್ ಬಾಟಲಿಯ ಬಾಯಿಗೆ ಒಂದು ಸಲ ತೋರಿಸಿ. ಬೆರಳುದ್ದದ ಬಾಟಲಿ ಅದು, ಅಳತೆ ಮಾಡಿದಷ್ಟೇ ಗ್ಯಾಸನ್ನು ಸದಾ ಬಿಡುತ್ತಿರುತ್ತದೆ. ಕೂಗಿತೋ, ಡಿಟೆಕ್ಟರ್ ಸರಿಯಿದೆ. ಇಲ್ಲದಿದ್ದರೆ ಅವತ್ತು ಅದು ಕೊಡುವ 'ಲೀಕ್ ಇಲ್ಲ' ಎಂಬ ಉತ್ತರವನ್ನು ನಂಬಬೇಡಿ. ಕೆಲವರು ಬಾಟಲಿ ಇಲ್ಲವೆಂದು ಸಿಗರೇಟ್ ಲೈಟರ್ ಗ್ಯಾಸ್ ಬಿಟ್ಟು ನೋಡುತ್ತಾರೆ. ಲೈಟರಿನಲ್ಲಿರುವುದು ಬ್ಯೂಟೇನ್. ಹೀಟೆಡ್ ಡಯೋಡಿಗೆ ಅದು ಗೊತ್ತಾಗುವುದಿಲ್ಲ, ಕರೋನಾದ ಮುಂದೆ ಬಿಟ್ಟರೆ ಬೆಂಕಿಯ ಭಯ. ಇನ್ನು ಕೆಲವರು ಸಿಲಿಂಡರ್ ವಾಲ್ವ್ ತೆಗೆದು ಭುಸ್ ಎಂದು ಮೂತಿಗೇ ಬಿಡುತ್ತಾರೆ. ಸೆನ್ಸರನ್ನು ಒಂದೇ ಏಟಿಗೆ ಹಾಳು ಮಾಡುವ ದಾರಿ ಅದು.

ಹುಡುಕುವುದು: ಕಣ್ಣು ಮೊದಲು, ಮೂತಿ ಆಮೇಲೆ

ಡಿಟೆಕ್ಟರ್ ಹೇಳುವುದು ಇಷ್ಟೇ: 'ಇಲ್ಲಿ ಗ್ಯಾಸ್ ಇದೆ.' ಎಲ್ಲಿಂದ ಬಂತು ಎನ್ನುವುದನ್ನು ಕಂಡುಹಿಡಿಯಬೇಕಾದದ್ದು ನಿಮ್ಮ ಕಣ್ಣು, ನಿಮ್ಮ ನಿಧಾನ.

ಟಾರ್ಚ್ ಹಿಡಿದು ಪೈಪುಗಳ ಉದ್ದಕ್ಕೂ ನೋಡಿಕೊಂಡು ಹೋಗಿ. ಗ್ಯಾಸಿನ ಜೊತೆ ಕಂಪ್ರೆಸರ್ ಎಣ್ಣೆಯೂ ಹೊರಗೆ ಬರುತ್ತದೆ, ಎಣ್ಣೆಗೆ ನಮ್ಮೂರ ಕೆಂಪು ಧೂಳು ಅಂಟಿಕೊಳ್ಳುತ್ತದೆ. ಉಳಿದ ಕಡೆ ಒಣ ಧೂಳು, ಒಂದು ಕಡೆ ಮಾತ್ರ ಒದ್ದೆ ಧೂಳು ಇದ್ದರೆ ಅಲ್ಲಿಂದಲೇ ಶುರು ಮಾಡಿ. ಪೈಪಿನ ಅಗಲಿಸಿದ ಬಾಯಿಯನ್ನು ಬಿಗಿಯುವ ಫ್ಲೇರ್ ನಟ್‌ಗಳು, ಗ್ಯಾಸ್ ತುಂಬುವ ಚಾರ್ಜಿಂಗ್ ಲೈನಿನ ಪಿನ್ ವಾಲ್ವ್, ಬ್ರೇಜಿಂಗ್ (ಬೆಸುಗೆ) ಜಾಯಿಂಟುಗಳು, ಕಾಯಿಲ್ ಕೊನೆಯ ಯು ಬೆಂಡುಗಳು, ಎರಡು ಪೈಪ್ ಒಂದಕ್ಕೊಂದು ಉಜ್ಜುವ ಜಾಗ, ಕ್ಲಾಂಪಿನ ಅಡಿ. ಲೀಕುಗಳು ಹೆಚ್ಚಾಗಿ ಸಿಗುವುದು ಇಲ್ಲೇ. ಪಿನ್ ವಾಲ್ವಿನ ಕ್ಯಾಪ್ ಬಿಗಿಯಾಗಿದೆಯೇ, ಒಳಗಿನ ರಬ್ಬರ್ ಇದೆಯೇ ನೋಡಿ. ಕ್ಯಾಪ್ ಕಳೆದುಹೋಗಿ ವಾಲ್ವ್ ಬಾಯಿ ತೆರೆದುಕೊಂಡಿರುವ ಮಿಷನ್‌ಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಆಮೇಲೆ ಮೂತಿ. ಮೇಲಿನಿಂದ ಕೆಳಕ್ಕೆ ಬನ್ನಿ. ಈ ಗ್ಯಾಸುಗಳೆಲ್ಲ ಗಾಳಿಗಿಂತ ಭಾರ. ಗಾಳಿಯ ಸರಾಸರಿ ಅಣುತೂಕ 29 ಎಂದರೆ ಆರ್-32ರದು 52, ಆರ್-22ರದು 86, ಆರ್-134ಎಯದು 102. ಲೀಕಾದ ಗ್ಯಾಸ್ ಕೆಳಕ್ಕೆ ಜಾರಿ ತಳದಲ್ಲಿ ಕೂರುತ್ತದೆ. ಕೆಳಗಿನಿಂದ ಶುರು ಮಾಡಿದರೆ ಮೊದಲ ಕೂಗೇ ದಾರಿ ತಪ್ಪಿಸುತ್ತದೆ. ದೊಡ್ಡ ಕೋಲ್ಡ್ ಸ್ಟೋರೇಜಿನ ಅಮೋನಿಯಾ ಮಾತ್ರ ಇದಕ್ಕೆ ತದ್ವಿರುದ್ಧ, ಗಾಳಿಗಿಂತ ಹಗುರ. ಅದರ ಕೆಲಸವೂ ಬೇರೆ, ಅದರ ಅಪಾಯವೂ ಬೇರೆ, ಈ ಡಿಟೆಕ್ಟರ್ ಹಿಡಿದು ಅಲ್ಲಿಗೆ ಹೋಗಬೇಡಿ.

ಮೂತಿಗೂ ಪೈಪಿಗೂ ನಡುವೆ ಐದು ಮಿಲಿಮೀಟರಿಗಿಂತ ಹೆಚ್ಚು ಅಂತರ ಬೇಡ, ಆದರೆ ತಾಗಿಸಲೂಬೇಡಿ, ಎಣ್ಣೆ ಹತ್ತುತ್ತದೆ. ಸೆಕೆಂಡಿಗೆ ಎರಡರಿಂದ ಐದು ಸೆಂಟಿಮೀಟರ್ ವೇಗ ಸಾಕು. ಒಂದು ಗೇಣು ಉದ್ದದ ಪೈಪ್ ದಾಟಲು ಏನಿಲ್ಲವೆಂದರೂ ಐದು ಸೆಕೆಂಡ್ ಹಿಡಿಯಬೇಕು. ಹೇಳುವಾಗ ಸುಲಭ. ಹಾಲು ಕೆಡುತ್ತಿದೆ, ನಾಲ್ಕು ಜನ ಸುತ್ತ ನಿಂತಿದ್ದಾರೆ ಎಂದಾಗ ಕೈ ತಾನಾಗಿಯೇ ಓಡುತ್ತದೆ. ನಾನು ಮನಸ್ಸಿನಲ್ಲೇ ಎಣಿಸಿಕೊಳ್ಳುತ್ತೇನೆ. ಜಾಯಿಂಟ್ ಬಂದಾಗ ಪೂರ್ತಿ ಒಂದು ಸುತ್ತು ಬಂದು ಅಡಿಭಾಗದಲ್ಲಿ ಒಂದು ಕ್ಷಣ ಹೆಚ್ಚು ನಿಲ್ಲುತ್ತೇನೆ.

ಕೂಗಿತು ಎಂದ ಕೂಡಲೇ ಸಿಕ್ಕಿತು ಅನ್ನಬೇಡಿ. ಮೂತಿಯನ್ನು ಶುದ್ಧ ಗಾಳಿಗೆ ಒಯ್ಯಿರಿ, ಸದ್ದು ಇಳಿಯಲಿ, ಮತ್ತೆ ಅದೇ ಜಾಗಕ್ಕೆ ತನ್ನಿ. ಮೂರು ಸಲವೂ ಅಲ್ಲೇ ಕೂಗಬೇಕು. ಆಮೇಲೆ ಆ ಜಾಗಕ್ಕೆ ರಟ್ಟಿನಿಂದ ಗಾಳಿ ಬೀಸಿ ನಿಂತ ಗ್ಯಾಸನ್ನು ಓಡಿಸಿ, ಸೆನ್ಸಿಟಿವಿಟಿ ಕಡಿಮೆ ಮಾಡಿ ಇನ್ನೊಮ್ಮೆ ನೋಡಿ. ಕೊನೆಗೆ ಸೋಪ್ ನೊರೆ ಹಚ್ಚಿ ಗುಳ್ಳೆ ಏಳುವುದನ್ನು ಕಣ್ಣಿನಿಂದಲೇ ನೋಡಿ. ಒಂದು ಲೀಕ್ ಸಿಕ್ಕಿದ ಮೇಲೂ ಉಳಿದದ್ದನ್ನು ಪೂರ್ತಿ ನೋಡಿಯೇ ಮುಗಿಸಿ, ಎರಡಿರುವುದು ಅಪರೂಪವೇನಲ್ಲ.

ಸ್ಪ್ಲಿಟ್ ಏಸಿಯ ಒಳಗಿನ ಕಾಯಿಲ್ ಬಿಚ್ಚುವ ಮೊದಲು ಒಂದು ಉಪಾಯವಿದೆ. ಏಸಿ ಆಫ್ ಮಾಡಿ ಹದಿನೈದು ನಿಮಿಷ ಬಿಟ್ಟು ಡ್ರೈನ್ ಟ್ರೇಯ ಹತ್ತಿರ ಮೂತಿ ಹಿಡಿಯಿರಿ. ಭಾರದ ಗ್ಯಾಸ್ ಅಲ್ಲಿಗೇ ಇಳಿದಿರುತ್ತದೆ. ನೀರು ಮಾತ್ರ ಮೂತಿಯೊಳಗೆ ಹೋಗಬಾರದು. ತೀರಾ ಸಣ್ಣ ಲೀಕಿನ ಅನುಮಾನವಿದ್ದರೆ ಆ ಜಾಯಿಂಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಟೇಪ್ ಹಾಕಿ, ಒಂದೆರಡು ಗಂಟೆ ಬಿಟ್ಟು ಸಣ್ಣ ತೂತು ಮಾಡಿ ಮೂತಿ ತೂರಿಸಿ. ಹನಿಹನಿಯಾಗಿ ಬಂದ ಗ್ಯಾಸ್ ಕವರಿನಲ್ಲಿ ಕೂಡಿಟ್ಟಿರುತ್ತದೆ.

ಸುಳ್ಳು ಕೂಗು

ಮೊದಮೊದಲು ನನ್ನನ್ನು ಹೆಚ್ಚು ಕಾಡಿದ್ದು ಇದೇ. ಒಂದು ಡೇರಿಯಲ್ಲಿ ಟ್ಯಾಂಕಿನ ಹೊರಕವಚದ ಸ್ಕ್ರೂ ತೂತಿನ ಹತ್ತಿರ ಮೂತಿ ಹಿಡಿದರೆ ಒಂದೇ ಸಮನೆ ಕಿರುಚಾಟ. ಟ್ಯಾಂಕಿನ ಅಡಿಯ ಎವಾಪರೇಟರೇ ತೂತಾಗಿದೆ, ಟ್ಯಾಂಕ್ ಬದಲಿಸಬೇಕು ಎಂದುಕೊಂಡೆ. ಲಕ್ಷಗಳ ಮಾತು. ಕಾರ್ಯದರ್ಶಿಯ ಮುಖ ಬಿಳಿಚಿಕೊಂಡಿತು. ಮನಸ್ಸು ಒಪ್ಪದೆ ಪೈಪೇ ಇಲ್ಲದ ಇನ್ನೊಂದು ಮೂಲೆಯಲ್ಲಿ ಕವಚ ಸಡಿಲಿಸಿ, ತಂಪು ಕಾಯಲು ಒಳಗೆ ತುಂಬಿದ ಪಫ್ ಫೋಮನ್ನು ಉಗುರಿನಷ್ಟು ಕಿತ್ತು ಹೊರಗೆ ತಂದು ಮೂತಿಗೆ ತೋರಿಸಿದೆ. ಅಲ್ಲೂ ಅದೇ ಕಿರುಚಾಟ! ಕೂಗುತ್ತಿದ್ದದ್ದು ಫೋಮಿಗೆ. ಹಿಂದೆ ಪಫ್ ಉಬ್ಬಿಸಲು ಎಚ್‌ಸಿಎಫ್‌ಸಿ-141ಬಿ ಎಂಬ ಗ್ಯಾಸ್ ಬಳಸುತ್ತಿದ್ದರು. ಭಾರತ ಅದನ್ನು 2020ರ ಜನವರಿ 1ರಿಂದ ನಿಲ್ಲಿಸಿತು. ಅದಕ್ಕೂ ಹಳೆಯ ಟ್ಯಾಂಕುಗಳ ಫೋಮಿನೊಳಗೆ ಅದು ಇನ್ನೂ ಕೂತಿರಬಹುದು. ಆ ಡೇರಿಯ ನಿಜವಾದ ಲೀಕ್ ಎಕ್ಸ್‌ಪ್ಯಾನ್ಷನ್ ವಾಲ್ವಿನ ಫ್ಲೇರ್ ನಟ್‌ನಲ್ಲಿತ್ತು. ಹೊಸ ಫ್ಲೇರ್ ಮಾಡಿ ಬಿಗಿ ಮಾಡಿದ್ದಕ್ಕೇ ಮುಗಿಯಿತು. ಫೋಮ್ ಇರುವ ಕಡೆ ಕೂಗಿದರೆ ಹೀಗೆ ದೂರದ ತುಣುಕೊಂದನ್ನು ಹೋಲಿಸದೆ ಮಾಲೀಕರಿಗೆ ಏನೂ ಹೇಳಬೇಡಿ.

ಡೇರಿಯಲ್ಲಿ ಇನ್ನೂ ಕೆಲವು ಇವೆ. ಫ್ಯಾಟ್ ನೋಡಲು ಈಗಲೂ ಕೆಲವು ಕಡೆ ಗರ್ಬರ್ ವಿಧಾನ ಇದೆ, ಅದರ ಅಮೈಲ್ ಆಲ್ಕೋಹಾಲ್ ಬಾಟಲಿ ತೆರೆದಿದ್ದರೆ ಕೆಲವು ಸೆನ್ಸರ್‌ಗಳು ಎದ್ದು ಕೂರುತ್ತವೆ. ಸ್ಯಾನಿಟೈಸರ್, ಪೇಂಟ್ ತಿನ್ನರ್, ಬೆಳಗಿನ ಪೂಜೆಯ ಊದುಬತ್ತಿ, ಟ್ಯಾಂಕ್ ತೊಳೆದ ಬಿಸಿನೀರಿನ ಹಬೆ ಎಲ್ಲವೂ ಹಾಗೆಯೇ. ಹಾಲು ಹಾಕಿಸಿಕೊಂಡು, ತೊಳೆದು, ರೂಮು ಆರಿದ ಮೇಲೆ ಹುಡುಕಲು ಕೂರುವುದು ಉತ್ತಮ. ಬ್ಯಾಟರಿ ಕಡಿಮೆಯಾದಾಗಲೂ ಕೆಲವು ಡಿಟೆಕ್ಟರ್ ಅಂದಾದುಂದಿ ಕೂಗುತ್ತವೆ.

ಡಿಟೆಕ್ಟರಿಗೆ ಸಿಗದಿದ್ದರೆ ನೈಟ್ರೋಜನ್

ಗ್ಯಾಸ್ ಪೂರ್ತಿ ಖಾಲಿಯಾಗಿದ್ದರೆ, ಇಲ್ಲವೇ ಡಿಟೆಕ್ಟರಿನ ಮಾತು ಅನುಮಾನ ಎನಿಸಿದರೆ ಡ್ರೈ ನೈಟ್ರೋಜನ್ ಹಾಕಿ ಒತ್ತಡ ಏರಿಸಿ ಬಿಟ್ಟು, ಅದು ಇಳಿಯುತ್ತದೆಯೇ ನೋಡಬೇಕು. ರೆಗ್ಯುಲೇಟರ್ ಇಲ್ಲದೆ ಬೇಡವೇ ಬೇಡ. ತುಂಬಿದ ಸಿಲಿಂಡರಿನಲ್ಲಿ ಸುಮಾರು 150 ಬಾರ್ ಒತ್ತಡ ಇರುತ್ತದೆ. ಮಿಷನ್ನಿನ ಪ್ಲೇಟಿನಲ್ಲಿ ಬರೆದಿರುವ ಮಿತಿ ದಾಟಬೇಡಿ. ನೈಟ್ರೋಜನ್ ಸಿಗಲಿಲ್ಲವೆಂದು ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ಹಾಕುವುದು ಸಾವನ್ನು ಕರೆದಂತೆ. ಒತ್ತಡದ ಆಕ್ಸಿಜನ್ ಕಂಪ್ರೆಸರ್ ಎಣ್ಣೆಗೆ ಸೇರಿದರೆ ಸಿಡಿಯುತ್ತದೆ.

ರಾತ್ರಿಯಿಡೀ ಒತ್ತಡ ಹಾಕಿ ಬಿಡುವವರಿಗೆ ಒಂದು ಲೆಕ್ಕ. ಸಂಜೆ 35 ಡಿಗ್ರಿಯಲ್ಲಿ ಆರ್-410ಎ ಏಸಿಗೆ 300 ಪಿಎಸ್‌ಐ ಹಾಕಿ ಮನೆಗೆ ಹೋದಿರಿ ಎನ್ನಿ. ಬೆಳಗಿನ ಜಾವ ಕೋಲಾರದ ತಂಪಿಗೆ ಪೈಪು 20 ಡಿಗ್ರಿಗೆ ಇಳಿದರೆ, ಒಂದು ಚೂರೂ ಸೋರದೆಯೇ ಗೇಜು ಸುಮಾರು 285 ತೋರಿಸುತ್ತದೆ. ಲೀಕ್ ಇದೆಯೆಂದು ಇಲ್ಲದ ಲೀಕ್ ಹುಡುಕುತ್ತಾ ಅರ್ಧ ದಿನ ಕಳೆದವರನ್ನು ನಾನು ಬಲ್ಲೆ. ಒತ್ತಡದ ಜೊತೆ ಆ ಹೊತ್ತಿನ ಬಿಸಿಯನ್ನೂ ಬರೆದಿಡಿ. ಅದೇ ಬಿಸಿ ಮತ್ತೆ ಬಂದಾಗ ಹೋಲಿಸಿ.

ನೊರೆಯ ವಿಷಯಕ್ಕೂ ನಮ್ಮೂರಿನದೇ ಒಂದು ತೊಡಕು. ಬೋರಿನ ಗಡಸು ನೀರಿನಲ್ಲಿ ಸೋಪು ನೊರೆಯೇ ಏಳುವುದಿಲ್ಲ, ಮೊಸರು ಒಡೆದಂತೆ ಗಸಿ ನಿಲ್ಲುತ್ತದೆ. ಕುಡಿಯುವ ಫಿಲ್ಟರ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಬ್ರಷ್‌ನಿಂದ ಹಚ್ಚಿ. ಹಚ್ಚಿದ ಮೇಲೆ ಒಂದೆರಡು ನಿಮಿಷ ಕಾಯಿರಿ. ಸಣ್ಣ ಲೀಕಿನ ಗುಳ್ಳೆ ಸಾಸಿವೆಯಷ್ಟಾಗಿ ನಿಧಾನಕ್ಕೆ ಗುಂಪುಗೂಡುತ್ತದೆ. ನೊರೆ ಒದ್ದೆಯಿರುವಾಗ ಡಿಟೆಕ್ಟರ್ ಮೂತಿಯನ್ನು ಅತ್ತ ಒಯ್ಯಬೇಡಿ.

ಲೀಕ್ ಸಿಕ್ಕ ಮೇಲೆ ಬ್ರೇಜಿಂಗ್ ಮಾಡುವುದಿದ್ದರೆ ಒಳಗಿನ ಗ್ಯಾಸನ್ನು ರಿಕವರಿ ಸಿಲಿಂಡರಿಗೆ ಎಳೆದುಕೊಂಡು ಆಮೇಲೆ ಟಾರ್ಚ್ ಹಚ್ಚಿ. ಫ್ಲೋರಿನ್, ಕ್ಲೋರಿನ್ ಇರುವ ಗ್ಯಾಸ್ ಜ್ವಾಲೆಗೆ ಸಿಕ್ಕರೆ ವಿಷವಾಗುತ್ತದೆ, ಕಣ್ಣು ಗಂಟಲು ಉರಿದಾಗ ತಡವಾಗಿರುತ್ತದೆ. ರಿಪೇರಿ ಮುಗಿದ ಮೇಲೆ ಮತ್ತೆ ನೈಟ್ರೋಜನ್, ಮತ್ತೆ ವ್ಯಾಕ್ಯೂಮ್, ಆಮೇಲೆ ತೂಕ ಮಾಡಿ ಗ್ಯಾಸ್.

ಜೋಪಾನ

ಡಿಟೆಕ್ಟರ್‌ಗಳು ಹಾಳಾಗುವುದು ಕೆಲಸದಿಂದ ಅಲ್ಲ, ಬೈಕಿನ ಡಬ್ಬಿಯಲ್ಲಿ. ಸ್ಪ್ಯಾನರ್, ಗೇಜು, ಎಣ್ಣೆ ಬಟ್ಟೆ, ಪಿವಿಸಿ ಸಲ್ಯೂಷನ್ ಡಬ್ಬಿ, ಇವುಗಳ ಮಧ್ಯೆ ಮೂತಿ ಬಗ್ಗಿಸಿ ತುರುಕಿರುತ್ತೇವೆ. ಬಿಸಿಲಲ್ಲಿ ಡಬ್ಬಿ ಕಾಯುತ್ತದೆ, ಸಲ್ಯೂಷನ್ ಆವಿಯಾಗಿ ಸೆನ್ಸರಿಗೆ ಹೋಗುತ್ತದೆ. ನಾನೀಗ ಅದರ ಸ್ವಂತ ಪೆಟ್ಟಿಗೆಯಲ್ಲೇ ಇಟ್ಟು ಹೆಗಲ ಚೀಲದಲ್ಲಿ ಒಯ್ಯುತ್ತೇನೆ.

ಮೂತಿಯ ತುದಿಯಲ್ಲಿ ಬಿಳಿ ಫಿಲ್ಟರ್ ಇರುತ್ತದೆ. ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ, ಬೆಲೆಯೂ ಅಷ್ಟಕ್ಕಷ್ಟೇ. ಅದು ಕಂದು ತಿರುಗಿದರೆ, ಎಣ್ಣೆ ತಾಗಿದರೆ, ಒದ್ದೆಯಾದರೆ ಆ ಕ್ಷಣವೇ ಬದಲಿಸಿ. ಊದಿ ಸ್ವಚ್ಛ ಮಾಡಬೇಡಿ, ಬಾಯಿಯ ತೇವ ಒಳಗೆ ಹೋಗುತ್ತದೆ. ಪೆಟ್ರೋಲು, ತಿನ್ನರ್‌ನಲ್ಲಿ ಮೂತಿ ಒರೆಸುವುದೂ ಬೇಡ, ಆ ವಾಸನೆ ಹೋಗುವವರೆಗೆ ಮಿಷನ್ ಕೂಗುತ್ತಲೇ ಇರುತ್ತದೆ. ಒಣ ಮೆತ್ತನೆಯ ಬಟ್ಟೆ ಸಾಕು. ಎಪಿಎಂಸಿಯ ಟೊಮ್ಯಾಟೊ ಮಂಡಿಗಳ ಹತ್ತಿರ, ಕ್ವಾರಿ ರಸ್ತೆಯ ಅಂಗಡಿಗಳಲ್ಲಿ ಕೆಲಸ ಮಾಡುವವರು ಜೇಬಿನಲ್ಲೇ ನಾಲ್ಕು ಫಿಲ್ಟರ್ ಇಟ್ಟುಕೊಳ್ಳಿ. ಫಿಲ್ಟರ್ ಇಲ್ಲದೆ ಒಂದು ದಿನವೂ ಓಡಿಸಬೇಡಿ.

ಒಳಗಿನ ಸಣ್ಣ ಪಂಪ್ ಗಾಳಿ ಎಳೆಯುತ್ತಿದೆಯೇ ಎಂದು ಆಗಾಗ ನೋಡಬೇಕು. ಮೂತಿಯ ಬಾಯಿಗೆ ತೆಳ್ಳನೆಯ ಕಾಗದದ ಚೂರು ಹಿಡಿದರೆ ಅಂಟಿಕೊಳ್ಳುವ ಹಾಗೆ ಎಳೆಯಬೇಕು. ಎಳೆಯದಿದ್ದರೆ ಮೊದಲು ಫಿಲ್ಟರ್ ಬದಲಿಸಿ, ಆಗಲೂ ಇಲ್ಲದಿದ್ದರೆ ಕೊಳವೆ ಎಲ್ಲಾದರೂ ಮುರುಟಿದೆಯೇ ನೋಡಿ. ಪಂಪ್ ಇಲ್ಲದ ಮಾದರಿಗಳೂ ಇವೆ, ನಿಮ್ಮದು ಯಾವುದೆಂದು ಜೊತೆಗೆ ಬಂದ ಪುಸ್ತಕದಲ್ಲಿ ನೋಡಿ.

ಸೆನ್ಸರಿನ ಆಯಸ್ಸು ನೋಡುವುದು ಬಾಟಲಿಯಿಂದ. ಪ್ರತಿ ಸೋಮವಾರ ಒಂದೇ ಅಂತರದಲ್ಲಿ, ಒಂದೇ ಸೆನ್ಸಿಟಿವಿಟಿಯಲ್ಲಿ ರೆಫರೆನ್ಸ್ ಬಾಟಲಿಗೆ ಹಿಡಿದು ಎಷ್ಟು ಲೈಟ್ ಹತ್ತುತ್ತವೆ ಎಂದು ಬರೆಯುತ್ತೇನೆ. ಐದು ಹತ್ತುತ್ತಿದ್ದದ್ದು ಮೂರಕ್ಕೆ ಬಂದರೆ ಹೊಸ ಸೆನ್ಸರಿಗೆ ಹೇಳಿಬಿಡುತ್ತೇನೆ, ಪೂರ್ತಿ ಸಾಯುವವರೆಗೆ ಕಾಯುವುದಿಲ್ಲ. ಬಾಟಲಿಗೂ ಅವಧಿ ಇದೆ, ಅದರ ಮೇಲೆಯೇ ಬರೆದಿರುತ್ತದೆ. ಬಾಟಲಿಯನ್ನು ಡಿಟೆಕ್ಟರಿನ ಪೆಟ್ಟಿಗೆಯಲ್ಲೇ ಮುಚ್ಚಳ ಸಡಿಲವಾಗಿ ಇಡಬೇಡಿ, ಬಿಟ್ಟ ಗ್ಯಾಸಿನಲ್ಲೇ ಸೆನ್ಸರ್ ದಿನವಿಡೀ ಮುಳುಗಿರುತ್ತದೆ. ಸೆನ್ಸರ್ ಬದಲಿಸುವಾಗ ಆಫ್ ಮಾಡಿ, ಬ್ಯಾಟರಿ ತೆಗೆದು, ಬಿಸಿ ಆರಿದ ಮೇಲೆ ಬಿಚ್ಚಿ.

ಮಳೆಗಾಲದಲ್ಲಿ ವಾರಗಟ್ಟಲೆ ಕೆಲಸ ಇಲ್ಲದಾಗ ಬ್ಯಾಟರಿ ತೆಗೆದಿಡಿ. ಸೋರಿದ ಸೆಲ್‌ಗಳಿಂದ ಸ್ಪ್ರಿಂಗ್ ಹಸಿರುಗಟ್ಟಿ ಸತ್ತ ಡಿಟೆಕ್ಟರ್‌ಗಳು ಸೆನ್ಸರ್ ಸವೆದು ಸತ್ತವುಗಳಿಗಿಂತ ಕಡಿಮೆಯೇನಲ್ಲ. ಚಾರ್ಜ್ ಆಗುವ ಮಾದರಿಯಾದರೆ ತಿಂಗಳಿಗೊಮ್ಮೆಯಾದರೂ ಚಾರ್ಜ್ ಮಾಡಿ.

ಇನ್ನೊಂದು ಅಭ್ಯಾಸ, ನನಗೆ ತುಂಬಾ ಉಪಕಾರವಾದದ್ದು. ಲೀಕ್ ಸಿಕ್ಕಿ ರಿಪೇರಿಯಾದ ಜಾಗದ ಪಕ್ಕ ಪೇಂಟ್ ಮಾರ್ಕರಿನಲ್ಲಿ ತಾರೀಕು ಬರೆಯುತ್ತೇನೆ. ಡೇರಿಯ ರಿಜಿಸ್ಟರಿನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ, ಲೀಕ್ ಎಲ್ಲಿತ್ತು ಎಂದು ಒಂದು ಸಾಲು ಬರೆಸುತ್ತೇನೆ. ಮೂರು ದಿನ ಬಿಟ್ಟು ಆ ದಾರಿಯಲ್ಲಿ ಹೋದಾಗ ಡಿಟೆಕ್ಟರ್ ಹಿಡಿದು ಐದು ನಿಮಿಷ ಮತ್ತೆ ನೋಡುತ್ತೇನೆ, ಅದಕ್ಕೆ ಕಾಸು ತೆಗೆದುಕೊಳ್ಳುವುದಿಲ್ಲ. ಮುಳಬಾಗಿಲು ಕಡೆಯ ಆ ಡೇರಿಯ ನಳಿಗೆಗೆ ಈಗ ರಬ್ಬರ್ ತೋಳು ಹಾಕಿ, ಫ್ರೇಮಿನಿಂದ ಎರಡು ಬೆರಳು ದೂರಕ್ಕೆ ಕ್ಲಾಂಪ್ ಮಾಡಿದ್ದೇನೆ. ಹೋದಾಗಲೆಲ್ಲ ಮೊದಲು ಮೂತಿ ಹಿಡಿಯುವುದು ಅಲ್ಲಿಗೇ.